ಪ್ರೀಮಿಯಂ ಇಳಿಸೋಕೆ ಎಕ್ಸೆಸ್ ಎಷ್ಟು ಏರಿಸಬಹುದು? ಇಂಗ್ಲೆಂಡಿನಲ್ಲಿ 19ರ ಹುಡುಗಿಯ ಮೊದಲ ಕಾರಿನ ಪ್ರಕರಣ

ಶನಿವಾರ ಸಂಜೆ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಕಾರು ವಿಮೆಯ ಪುಟ ತೆರೆದಿತ್ತು. ಅಕ್ಕನ ಮಗಳು ಅಪ್ಪನ ಬ್ಯಾಂಕ್ ಕಾರ್ಡ್ ಕೈಯಲ್ಲಿ ಹಿಡಿದು ಕೂತಿದ್ದಳು. "ಚಿಕ್ಕಮ್ಮ, 1,742 ಪೌಂಡ್ ಇದ್ದಿದ್ದು 1,496ಕ್ಕೆ ಇಳೀತು ನೋಡು. 246 ಪೌಂಡ್ ಉಳಿತಾಯ!" ಅಂದಳು. ಹೇಗೆ ಇಳಿಸಿದೆ ಅಂತ ಕೇಳಿದೆ. ಒಂದೇ ಒಂದು ಕಡೆ ಬದಲಾಯಿಸಿದ್ದಳು. ವಾಲಂಟರಿ ಎಕ್ಸೆಸ್, ಅಂದರೆ ಕ್ಲೇಮ್ ಆದಾಗ ನಾವಾಗಿ ಕೈಯಿಂದ ಕೊಡೋಕೆ ಒಪ್ಪುವ ಮೊತ್ತ, ಅನ್ನುವ ಜಾಗದಲ್ಲಿ ಸೊನ್ನೆ ತೆಗೆದು 1,000 ಹಾಕಿದ್ದಳು.

"ನಾಳೆ ಕಾರಿಗೆ ಏನಾದರೂ ಆದರೆ ನೀನು ಎಷ್ಟು ಕೊಡಬೇಕಾಗುತ್ತೆ, ಗೊತ್ತಾ?" ಅಂದೆ.

"ಸಾವಿರ ಅಲ್ವಾ?"

ಸಾವಿರ ಅಲ್ಲ, 1,550. ಆ ಲೆಕ್ಕ ಅದೇ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ಇತ್ತು. ಅಲ್ಲಿಂದ ಶುರುವಾಗಿ ಆವತ್ತು ರಾತ್ರಿ ಹತ್ತೂವರೆ ತನಕ ನಾವು ಲೆಕ್ಕ ಹಾಕಿದೆವು. ನಾನು ಲೆಕ್ಕಪತ್ರದ ಕೆಲಸ ಮಾಡುವವಳು, ವಿಮೆ ಮಾರುವವಳಲ್ಲ. ಆದರೆ ಈ ಎಕ್ಸೆಸ್ ಅನ್ನೋದು ಹೊಸದಾಗಿ ಕಾರು ಓಡಿಸುವ ಮಕ್ಕಳನ್ನು ಎಷ್ಟು ಸುಲಭವಾಗಿ ದಾರಿ ತಪ್ಪಿಸುತ್ತದೆ ಅನ್ನೋದು ನನಗೆ ಆವತ್ತೇ ಸರಿಯಾಗಿ ಗೊತ್ತಾಗಿದ್ದು. ಅದಕ್ಕೇ ಇಡೀ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹುಡುಗಿ, ಕಾರು, ಕೈಯಲ್ಲಿದ್ದ ದುಡ್ಡು

ಅವಳಿಗೆ 19 ವರ್ಷ. ಇಲ್ಲಿ 17ಕ್ಕೇ ಕಾರು ಓಡಿಸೋಕೆ ಶುರು ಮಾಡಬಹುದು. ಆದರೆ ಇವಳು ಟೆಸ್ಟ್ ಪಾಸಾಗಿ ಆಗ ನಾಲ್ಕೇ ತಿಂಗಳು. ಕಾರು 1 ಲೀಟರ್ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್. 9 ವರ್ಷ ಹಳೆಯದು, 3,200 ಪೌಂಡಿಗೆ ಕೊಂಡಿದ್ದು. ಬ್ರಿಟನ್ನಿನಲ್ಲಿ ಇಂಥ ಹಳೇ ಕಾರುಗಳನ್ನು ವಿಮೆಗೆ ಅಂತ 1ರಿಂದ 50ರ ತನಕ ಗುಂಪು ಮಾಡಿದ್ದಾರೆ, ಸಂಖ್ಯೆ ಚಿಕ್ಕದಾದಷ್ಟೂ ವಿಮೆ ಅಗ್ಗ, ಇದು 4ನೇ ಗುಂಪಿನದು. ಅಂದರೆ ಕಾರಿನ ಆಯ್ಕೆಯಲ್ಲಿ ಅವಳು ಏನೂ ತಪ್ಪು ಮಾಡಿರಲಿಲ್ಲ. ಕಾಲೇಜಿಗೆ ಹೋಗಿ ಬರೋಕೆ, ಶನಿವಾರ ಭಾನುವಾರ ಸೂಪರ್‌ಮಾರ್ಕೆಟ್ ಕೆಲಸಕ್ಕೆ ಹೋಗೋಕೆ ಕಾರು ಬೇಕಿತ್ತು.

ಕಾರು ಕೊಂಡ ಮೇಲೆ ಅವಳ ಖಾತೆಯಲ್ಲಿ ಉಳಿದದ್ದು 640 ಪೌಂಡ್. ಮೊದಲ ವರ್ಷದ ವಿಮೆಗೆ ಅಂತ ಅಕ್ಕ, ಭಾವ 1,750 ಪೌಂಡ್ ಎತ್ತಿಟ್ಟಿದ್ದರು. ಅದರಲ್ಲಿ ಎಷ್ಟು ಮಿಕ್ಕಿದರೂ ಅವಳಿಗೇ ಅಂತ ಮಾತಾಗಿತ್ತು. ಈ ಎರಡು ಮೊತ್ತಗಳನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ತೀರ್ಮಾನ ಆಗಿದ್ದು ಇವುಗಳ ಮೇಲೆಯೇ.

ಎಕ್ಸೆಸ್ ಅಂದರೆ ಏನು ಅಂತ ಒಂದು ಮಾತು. ನಮ್ಮೂರಿನ ಪಾಲಿಸಿಗಳಲ್ಲಿ ಡಿಡಕ್ಟಿಬಲ್ ಅಂತ ಇರುತ್ತದಲ್ಲ, ಹೆಚ್ಚುಕಮ್ಮಿ ಅದೇ. ಕಾರಿಗೆ 2,000 ಪೌಂಡ್ ನಷ್ಟ ಆಗಿ, ಎಕ್ಸೆಸ್ 800 ಇದ್ದರೆ, ಮೊದಲ 800 ನಿಮ್ಮದು, ಉಳಿದ 1,200 ಕಂಪನಿಯದು. ಪ್ರತಿ ಕ್ಲೇಮಿಗೂ ಇದು ಹೊಸದಾಗಿ ಲೆಕ್ಕ. ವರ್ಷದಲ್ಲಿ ಎರಡು ಸಲ ಕ್ಲೇಮ್ ಮಾಡಿದರೆ ಎರಡು ಸಲ ಕೊಡಬೇಕು.

ಇದು ಒಂದೇ ಮೊತ್ತ ಅಲ್ಲ, ಒಂದರ ಮೇಲೊಂದು ಪದರ. ಕಂಪನಿ ತಾನೇ ಹಾಕುವುದು ಕಂಪಲ್ಸರಿ ಎಕ್ಸೆಸ್. ಇವಳ ವಿಷಯದಲ್ಲಿ ಅದು 250. ವಯಸ್ಸು ಚಿಕ್ಕದು, ಲೈಸೆನ್ಸ್ ಬಂದು ವರ್ಷ ಆಗಿಲ್ಲ ಅಂತ ಇನ್ನೊಂದು 300. ಈ ಎರಡನ್ನೂ ನಾವು ಅಲುಗಾಡಿಸೋಕೆ ಆಗಲ್ಲ. ಇವುಗಳ ಮೇಲೆ ನಾವಾಗಿ ಒಪ್ಪಿಕೊಳ್ಳುವುದು ವಾಲಂಟರಿ ಎಕ್ಸೆಸ್. ಫಾರ್ಮ್ ತುಂಬುವಾಗ ಕೇಳುವುದು ಕೊನೆಯದನ್ನು ಮಾತ್ರ. ಹಾಗಾಗಿ ಮಕ್ಕಳ ತಲೆಯಲ್ಲಿ ಅದೊಂದೇ ಕೂತಿರುತ್ತದೆ.

ಎಕ್ಸೆಸ್ ಅನ್ವಯಿಸುವುದು ನಮ್ಮ ಕಾರಿನ ನಷ್ಟಕ್ಕೆ. ಇವಳು ಬೇರೆಯವರ ಕಾರಿಗೆ ಗುದ್ದಿದರೆ ಅವರ ನಷ್ಟವನ್ನು ಕಂಪನಿ ಪೂರ್ತಿ ಕೊಡುತ್ತದೆ, ಅಲ್ಲಿ ಎಕ್ಸೆಸ್ ಅಡ್ಡ ಬರುವುದಿಲ್ಲ. 1988ರ ರೋಡ್ ಟ್ರಾಫಿಕ್ ಆಕ್ಟ್ ಪ್ರಕಾರ ಕಡ್ಡಾಯ ಇರುವುದು ಈ ಥರ್ಡ್ ಪಾರ್ಟಿ ಭಾಗ ಮಾತ್ರ. ಇದು ಸಣ್ಣ ವಿಷಯ ಅಲ್ಲ, ಮುಂದೆ ಇದೇ ಒಂದು ಪ್ರಶ್ನೆಗೆ ಉತ್ತರ ಆಗುತ್ತದೆ.

ಒಂದೇ ಕಂಪನಿ, ಆರು ಬೆಲೆ

ಬೇರೆ ಯಾವುದನ್ನೂ ಮುಟ್ಟದೆ ವಾಲಂಟರಿ ಎಕ್ಸೆಸ್ ಒಂದನ್ನೇ ಬದಲಾಯಿಸುತ್ತಾ ಹೋಗು, ಪ್ರತಿ ಸಲ ಬಂದ ಬೆಲೆಯನ್ನು ಬರೆದುಕೋ ಅಂದೆ. ಹೇಗೆ ಓಡಿಸುತ್ತಾರೆ ಅಂತ ದಾಖಲಿಸುವ ಬ್ಲ್ಯಾಕ್ ಬಾಕ್ಸನ್ನು ಕಾರಲ್ಲಿ ಇಡುವ, ಸ್ವಂತ ಕಾರಿನ ನಷ್ಟವೂ ಸೇರಿದ ಕಾಂಪ್ರಹೆನ್ಸಿವ್ ಪಾಲಿಸಿ ಅದು. ಅವಳು ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹೀಗೆ ಬರೆದಳು:

ವಾಲಂಟರಿ 0: ಪ್ರೀಮಿಯಂ 1,742, ಒಟ್ಟು ಎಕ್ಸೆಸ್ 550
ವಾಲಂಟರಿ 100: ಪ್ರೀಮಿಯಂ 1,688, ಒಟ್ಟು ಎಕ್ಸೆಸ್ 650
ವಾಲಂಟರಿ 250: ಪ್ರೀಮಿಯಂ 1,611, ಒಟ್ಟು ಎಕ್ಸೆಸ್ 800
ವಾಲಂಟರಿ 500: ಪ್ರೀಮಿಯಂ 1,538, ಒಟ್ಟು ಎಕ್ಸೆಸ್ 1,050
ವಾಲಂಟರಿ 750: ಪ್ರೀಮಿಯಂ 1,509, ಒಟ್ಟು ಎಕ್ಸೆಸ್ 1,300
ವಾಲಂಟರಿ 1,000: ಪ್ರೀಮಿಯಂ 1,496, ಒಟ್ಟು ಎಕ್ಸೆಸ್ 1,550

ಎಲ್ಲ ಪೌಂಡಿನಲ್ಲಿ. ಈಗ ಮೇಲಿಂದ ಕೆಳಗೆ ಒಂದೊಂದೇ ಮೆಟ್ಟಿಲು ಇಳಿಯೋಣ. ಸೊನ್ನೆಯಿಂದ 250ಕ್ಕೆ ಹೋದರೆ ವರ್ಷಕ್ಕೆ 131 ಉಳಿಯುತ್ತದೆ. ಅದಕ್ಕೆ ಬದಲಾಗಿ, ಕ್ಲೇಮ್ ಆದರೆ 250 ಜಾಸ್ತಿ ಕೊಡಬೇಕು. 250ನ್ನು 131ರಿಂದ ಭಾಗಿಸಿ: ಹತ್ತಿರ ಹತ್ತಿರ ಎರಡು. ಎರಡು ವರ್ಷಕ್ಕೊಂದು ಕ್ಲೇಮಿಗಿಂತ ಕಡಿಮೆ ಇದ್ದರೆ ಇವಳಿಗೆ ಲಾಭ. 250ರಿಂದ 500ಕ್ಕೆ ಹೋದರೆ ಉಳಿಯೋದು 73. ಇಲ್ಲಿ ಸುಮಾರು ಮೂರೂವರೆ ವರ್ಷಕ್ಕೊಂದು. 500ರಿಂದ 750ಕ್ಕೆ ಬರೀ 29. ಅಂದರೆ ಎಂಟೂವರೆ ವರ್ಷ ಒಂದೂ ಕ್ಲೇಮ್ ಇಲ್ಲದೆ ಓಡಿಸಿದರೆ ಮಾತ್ರ ಗಿಟ್ಟುತ್ತದೆ. ಕೊನೆಯ ಮೆಟ್ಟಿಲು, 750ರಿಂದ 1,000ಕ್ಕೆ, ಉಳಿತಾಯ 13 ಪೌಂಡ್. 19 ವರ್ಷ. ಅವಳು ಹುಟ್ಟಿ ಅಷ್ಟೇ ವರ್ಷ ಆಗಿತ್ತು.

ಆ ಹದಿಮೂರು ಅನ್ನೋ ಸಂಖ್ಯೆಯ ಸುತ್ತ ಅವಳು ಪೆನ್ನಿನಿಂದ ಎರಡು ಮೂರು ಸುತ್ತು ಹಾಕಿದಳು. "ಇಷ್ಟಕ್ಕೆ ನಾನು 250 ಪೌಂಡ್ ಒಪ್ಪಿಕೊಂಡಿದ್ನಾ?" ಅಂದಳು. ಒಟ್ಟು ಮೊತ್ತ ನೋಡಿದಾಗ 246 ಪೌಂಡ್ ಉಳಿತಾಯ ದೊಡ್ಡದಾಗೇ ಕಾಣುತ್ತದೆ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ 250ರಲ್ಲೇ ಬಂದುಬಿಟ್ಟಿದೆ. ಕೊನೆಯ 500ಕ್ಕೆ ಸಿಕ್ಕಿದ್ದು 42 ಪೌಂಡ್.

ಹೀಗೆ ಯಾಕೆ ಆಗುತ್ತದೆ ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಚಿಕ್ಕ ವಯಸ್ಸಿನವರ ಪ್ರೀಮಿಯಂ ಇಷ್ಟು ಜಾಸ್ತಿ ಇರೋದು ಅವರ 3,200 ಪೌಂಡಿನ ಕಾರಿಗೋಸ್ಕರ ಅಲ್ಲ. ಅವರು ಇನ್ನೊಬ್ಬರಿಗೆ ಮಾಡಬಹುದಾದ ಗಾಯಕ್ಕೋಸ್ಕರ. ಗೆಳೆಯರನ್ನು ತುಂಬಿಕೊಂಡು ರಾತ್ರಿ ಹೊತ್ತು ಹೋಗುವಾಗ ಆಗುವ ಒಂದು ದೊಡ್ಡ ಅಪಘಾತದಲ್ಲಿ ಪರಿಹಾರ ಲಕ್ಷಗಟ್ಟಲೆ ಪೌಂಡ್ ದಾಟಬಹುದು. ಆ ಖರ್ಚಿಗೆ ಎಕ್ಸೆಸ್ ಸಂಬಂಧವೇ ಇಲ್ಲ ಅಂತ ಆಗಲೇ ಹೇಳಿದೆನಲ್ಲ. ನೀವು 1,000 ಹಾಕಿ, 2,000 ಹಾಕಿ, ಪ್ರೀಮಿಯಮ್ಮಿನ ಆ ದೊಡ್ಡ ಭಾಗ ಕದಲುವುದಿಲ್ಲ. ಕದಲುವುದು ಸ್ವಂತ ಕಾರಿನ ನಷ್ಟದ ಸಣ್ಣ ಭಾಗ ಮಾತ್ರ. ಅದರಲ್ಲೂ ಮೊದಲ ಕೆಲವು ನೂರು ಪೌಂಡ್ ಏರಿಸಿದಾಗ ಬಂಪರ್, ಕನ್ನಡಿ, ಗೀಚಿದ ಬಾಗಿಲಿನಂಥ ಸಣ್ಣ ಕ್ಲೇಮುಗಳು ಕಂಪನಿಯ ಮೇಜಿಗೆ ಬರೋದೇ ನಿಂತುಹೋಗುತ್ತವೆ. ಅದಕ್ಕೆ ಕಂಪನಿ ಖುಷಿಯಿಂದ ರಿಯಾಯಿತಿ ಕೊಡುತ್ತದೆ. ಆಮೇಲೆ ಉಳಿಯುವುದು ದೊಡ್ಡ ಕ್ಲೇಮುಗಳು, ಅವು ಎಕ್ಸೆಸ್ ಎಷ್ಟಿದ್ದರೂ ಬಂದೇ ಬರುತ್ತವೆ.

ಹಾಗಾದರೆ ಸೊನ್ನೆಯೇ ಇಡಬಹುದಲ್ಲ?

ಇದು ಅಕ್ಕನ ಪ್ರಶ್ನೆ. ಒಟ್ಟು 550 ಅಂದರೆ ಮಗಳ ಕೈಯಲ್ಲಿರುವ 640ರಲ್ಲಿ ಆಗಿಹೋಗುತ್ತದೆ, ಯಾಕೆ ತಲೆನೋವು ಅಂತ.

ಅದಕ್ಕೆ ನಾನು ಮಗಳನ್ನೇ ಕೇಳಿದೆ: "600 ಪೌಂಡಿನ ಡೆಂಟ್ ಆಯಿತು ಅಂದುಕೋ. ಎಕ್ಸೆಸ್ 550. ಕ್ಲೇಮ್ ಮಾಡ್ತೀಯಾ?" ಐವತ್ತು ಪೌಂಡಿಗೆ ಯಾರೂ ಮಾಡಲ್ಲ. 700ರದ್ದಾದರೆ? ಕಂಪನಿ ಕೊಡೋದು 150. ಅದಕ್ಕೆ ಪ್ರತಿಯಾಗಿ ಮೊದಲ ವರ್ಷದ ನೋ ಕ್ಲೇಮ್ ರಿಯಾಯಿತಿ ಹೋಗುತ್ತದೆ. ಮುಂದೆ ಯಾವ ಕಂಪನಿಗೆ ಹೋದರೂ ಹೆಚ್ಚಿನವರು ಕಳೆದ 5 ವರ್ಷದ ಕ್ಲೇಮುಗಳನ್ನು ಕೇಳುತ್ತಾರೆ. ಹೊಸ ಡ್ರೈವರಿಗೆ ಮೊದಲ ವರ್ಷ ಕ್ಲೇಮ್ ಇಲ್ಲದೆ ಮುಗಿಸುವುದರ ಬೆಲೆ ಬಹಳ. ಅದನ್ನು 150 ಪೌಂಡಿಗೆ ಯಾರು ಕಳೆದುಕೊಳ್ಳುತ್ತಾರೆ?

ಅಂದರೆ 550 ಮತ್ತು 800ರ ನಡುವಿನ ನಷ್ಟವನ್ನು ಅವಳು ಹೇಗೂ ತನ್ನ ಕೈಯಿಂದಲೇ ಕೊಡುತ್ತಾಳೆ. ಕ್ಲೇಮ್ ಮಾಡದ ಭಾಗಕ್ಕೆ ವರ್ಷಕ್ಕೆ 131 ಪೌಂಡ್ ಕೊಟ್ಟು ವಿಮೆ ಕೊಳ್ಳುವುದು ಸುಮ್ನೆ ದಂಡ. ದೊಡ್ಡ ನಷ್ಟ ಆದಾಗ ಆ 250 ನಿಜವಾಗಿ ಕೈಬಿಡುತ್ತದೆ, ನಿಜ. ಆದರೆ ಎರಡು ವರ್ಷದ ಉಳಿತಾಯದಲ್ಲೇ ಅದು ವಾಪಸ್ ಬಂದಿರುತ್ತದೆ.

ಇಲ್ಲಿಗೆ ಸೊನ್ನೆಯೂ ಬಿತ್ತು, 750, 1,000 ಕೂಡ ಬಿದ್ದವು. ಉಳಿದದ್ದು 250 ಮತ್ತು 500.

"ನಾನು ಆಕ್ಸಿಡೆಂಟ್ ಮಾಡಲ್ಲ ಚಿಕ್ಕಮ್ಮ"

ಈ ಮಾತು ಬಂದೇ ಬರುತ್ತದೆ ಅಂತ ಗೊತ್ತಿತ್ತು. ಅವಳು ಹುಷಾರಾಗಿಯೇ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಆದರೆ ಎಕ್ಸೆಸ್ ಕೊಡೋಕೆ ತಪ್ಪು ಅವಳದೇ ಆಗಬೇಕು ಅಂತಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಕಾರಿಗೆ ಹಿಂದಿನಿಂದ ಯಾರೋ ಗುದ್ದಿದರು ಅಂದುಕೊಳ್ಳಿ. ಸ್ವಂತ ಕಂಪನಿಯ ಮೂಲಕ ರಿಪೇರಿ ಮಾಡಿಸಿದರೆ ಮೊದಲು ಎಕ್ಸೆಸ್ ಕಟ್ಟಬೇಕು, ಆಮೇಲೆ ಗುದ್ದಿದವರ ಕಂಪನಿಯಿಂದ ವಸೂಲಿ ಮಾಡಬೇಕು. ಅದು ಬರೋಕೆ ವಾರಗಳಾಗಬಹುದು, ತಿಂಗಳುಗಳೂ ಆಗಬಹುದು. ಪಾರ್ಕ್ ಮಾಡಿದ ಕಾರಿಗೆ ಯಾರೋ ತಾಗಿಸಿ ಚೀಟಿ ಕೂಡ ಇಡದೆ ಹೋದರೆ ವಸೂಲಿ ಮಾಡೋಕೆ ಯಾರೂ ಇಲ್ಲ. ಕಾರು ಕದ್ದುಹೋದರೂ ಅಷ್ಟೇ.

"ತಪ್ಪು ನನ್ನದಲ್ಲದಿದ್ದರೂ ನಾನೇ ಕೊಡಬೇಕಾ?" ಅಂತ ಎರಡು ಸಲ ಕೇಳಿದಳು. ಎಷ್ಟೋ ಜನ ದೊಡ್ಡವರಿಗೂ ಇದು ಗೊತ್ತಿರುವುದಿಲ್ಲ. ಇದು ಗೊತ್ತಾದ ಮೇಲೆ ಎಕ್ಸೆಸ್ ಅನ್ನೋದು ಅವಳ ಡ್ರೈವಿಂಗಿಗೆ ಹಾಕಿದ ಮಾರ್ಕ್ಸ್ ಅಲ್ಲ, ಕೈಯಲ್ಲಿ ಇಟ್ಟುಕೊಳ್ಳಬೇಕಾದ ರೊಕ್ಕ ಅನ್ನೋದು ಅವಳಿಗೆ ಹೊಳೆಯಿತು. ನನಗೆ ಇಡೀ ಸಂಜೆಯಲ್ಲಿ ಸಮಾಧಾನ ಆಗಿದ್ದು ಆ ಗಳಿಗೆಯಲ್ಲಿ.

ಇನ್ನೊಂದು ಕಡೆಯಿಂದಲೂ ನೋಡಿದೆವು. ಕಾರು ರಿಪೇರಿಯಾಗದಷ್ಟು ಹಾಳಾದರೆ ಕಂಪನಿ ಆ ದಿನದ ಮಾರುಕಟ್ಟೆ ಬೆಲೆಯಲ್ಲಿ ಎಕ್ಸೆಸ್ ಕಳೆದು ಉಳಿದದ್ದನ್ನು ಕೊಡುತ್ತದೆ. 3,200ರಲ್ಲಿ 1,550 ಕಳೆದರೆ 1,650. ಅರ್ಧ ಕಾರು ಹೋಯಿತು. ಎರಡು ವರ್ಷದಲ್ಲಿ ಅದೇ ಕಾರಿನ ಬೆಲೆ 2,200ಕ್ಕೆ ಇಳಿದರೆ ಕೈಗೆ ಬರೋದು 650. ಹೆಸರಿಗೆ ಕಾಂಪ್ರಹೆನ್ಸಿವ್, ಒಳಗೆ ನೋಡಿದರೆ ಸ್ವಂತ ಕಾರಿಗೆ ವಿಮೆಯೇ ಇಲ್ಲದ ಹಾಗೆ. ದುಬಾರಿ ಕಾರಿನವರಿಗೆ 1,000 ಎಕ್ಸೆಸ್ ಒಂದು ಚಿಕ್ಕ ತುಂಡು. ಹಳೇ ಕಾರಿನ ಮಕ್ಕಳಿಗೆ ಅದು ಕಾರಿನ ಮೂರನೇ ಒಂದು ಭಾಗ. "ಕೊಡೋಕೆ ಆಗುವಷ್ಟು ಜಾಸ್ತಿ ಎಕ್ಸೆಸ್ ಇಟ್ಟುಕೋ" ಅಂತ ಎಲ್ಲರೂ ಹೇಳುವ ಸಲಹೆಯಲ್ಲಿ ಕಾರಿನ ಬೆಲೆಯ ಮಾತೇ ಇರುವುದಿಲ್ಲ. ನನ್ನ ಪ್ರಕಾರ ಅದು ಅರ್ಧ ಸಲಹೆ.

ಪಟ್ಟಿಯ ಮೊದಲ ಹೆಸರು

ಇಷ್ಟರಲ್ಲಿ ಭಾವ ಬಂದು ಕೂತರು. ಬೆಲೆ ಹೋಲಿಸುವ ಸೈಟಿನಲ್ಲಿ ಬೇರೆ ಕಂಪನಿಯೊಂದು ಪಟ್ಟಿಯ ತುದಿಯಲ್ಲೇ ಇತ್ತು, ವಾಲಂಟರಿ 250ಕ್ಕೆ 1,574 ಪೌಂಡ್. ನಮ್ಮದಕ್ಕಿಂತ 37 ಕಡಿಮೆ. "ಇದನ್ನೇ ತಗೋಬಹುದಲ್ಲ?" ಅಂದರು.

ವಿವರ ಒತ್ತಿ ನೋಡಿದೆವು. ಅಲ್ಲಿ ಕಂಪಲ್ಸರಿ ಮತ್ತು ಚಿಕ್ಕ ವಯಸ್ಸಿನ ಎಕ್ಸೆಸ್ ಸೇರಿ 950. ಒಟ್ಟು 1,200. ವರ್ಷಕ್ಕೆ 37 ಪೌಂಡ್ ಉಳಿಸೋಕೆ 400 ಪೌಂಡ್ ಜಾಸ್ತಿ ಹೊರೆ. ವಾಲಂಟರಿ ಎರಡರಲ್ಲೂ 250 ಅಂತ ನಾವೇ ತುಂಬಿದ್ದರಿಂದ ಎರಡೂ ಒಂದೇ ಅಂತ ಅನಿಸಿಬಿಡುತ್ತದೆ. ಪಟ್ಟಿ ಜೋಡಿಸೋದು ಪ್ರೀಮಿಯಂ ನೋಡಿ, ಎಕ್ಸೆಸ್ ನೋಡಿ ಅಲ್ಲ. ಹೊಸ ಡ್ರೈವರುಗಳು ಎಡವೋದು ಜಾಸ್ತಿ ಇಲ್ಲೇ ಅಂತ ನನಗೆ ಅನಿಸುತ್ತದೆ. ಅದಕ್ಕೇ ಅವಳಿಗೆ ಹೇಳಿದೆ, ಪ್ರತಿ ಕಂಪನಿಯ ಮುಂದೆ ಒಟ್ಟು ಎಕ್ಸೆಸ್ ಬರೆದುಕೊಳ್ಳದೆ ಬೆಲೆ ಹೋಲಿಸಬೇಡ ಅಂತ.

ಭಾವನ ಎರಡನೇ ಮಾತು: "ಕಾರನ್ನ ನನ್ನ ಹೆಸರಲ್ಲಿ ವಿಮೆ ಮಾಡಿಸಿ, ಇವಳನ್ನ ಎರಡನೇ ಡ್ರೈವರ್ ಅಂತ ಹಾಕಿದರೆ?"

"ಬೇಡ ಭಾವ. ದಿನಾ ಓಡಿಸೋದು ಅವಳು ತಾನೇ?" ಅಂದೆ. ಇದಕ್ಕೆ ಇಲ್ಲಿ ಫ್ರಂಟಿಂಗ್ ಅನ್ನುತ್ತಾರೆ, ಅದು ವಂಚನೆ. ಸಿಕ್ಕಿಬಿದ್ದರೆ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು, ಕ್ಲೇಮ್ ನಿರಾಕರಿಸಬಹುದು. ವಿಮೆ ಇಲ್ಲದೆ ಓಡಿಸಿದ ಹಾಗಾದರೆ ಲೈಸೆನ್ಸಿಗೆ ಕನಿಷ್ಠ 6 ದಂಡದ ಪಾಯಿಂಟ್ ಬೀಳುತ್ತದೆ. ಹೊಸ ಡ್ರೈವರಿಗೆ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ, ಮತ್ತೆ ಮೊದಲಿಂದ ಟೆಸ್ಟ್ ಕೊಡಬೇಕು. ಭಾವ ತಕ್ಷಣ ಕೈಬಿಟ್ಟರು, ಅವರಿಗೆ ಇದು ತಪ್ಪು ಅನ್ನೋದೇ ಗೊತ್ತಿರಲಿಲ್ಲ. ಅದರ ಬದಲು ಅಕ್ಕನನ್ನು ಎರಡನೇ ಡ್ರೈವರ್ ಅಂತ ಸೇರಿಸಿಯೇ ಮೇಲಿನ ಬೆಲೆಗಳನ್ನು ತೆಗೆದಿದ್ದೆವು. ಅಕ್ಕ ನಿಜವಾಗಿಯೂ ಆಗಾಗ ಆ ಕಾರು ಓಡಿಸುತ್ತಾಳೆ, ಹಾಗಾಗಿ ಅದರಲ್ಲಿ ಮೋಸ ಇಲ್ಲ. ಈ ಪಾಲಿಸಿಯಲ್ಲಿ ಅಕ್ಕ ಓಡಿಸುವಾಗ ಏನಾದರೂ ಆದರೆ ಚಿಕ್ಕ ವಯಸ್ಸಿನ 300 ಇರುವುದಿಲ್ಲ. ಆ ಪದರ ಸೇರುತ್ತದೋ ಇಲ್ಲವೋ ಅನ್ನೋದು ಸ್ಟಿಯರಿಂಗ್ ಹಿಡಿದವರು ಯಾರು ಅನ್ನೋದರ ಮೇಲೆ ಹೋಗುತ್ತದೆ.

ತಿಂಗಳ ಕಂತಿನ ಮಾತೂ ಬಂತು. ಅಪ್ಪ ಅಮ್ಮನಿಗೆ ಒಂದೇ ಸಲ ಭಾರ ಆಗೋದು ಬೇಡ ಅಂತ ಅವಳ ಆಸೆ. 1,611ರ ಪಾಲಿಸಿಯನ್ನು ಕಂತಿನಲ್ಲಿ ಕಟ್ಟಿದರೆ ಒಟ್ಟು 1,838 ಆಗುತ್ತಿತ್ತು. ಕಂತು ಅಂದರೆ ಸಾಲ, ಬಡ್ಡಿ ಸೇರಿಯೇ ಬರುತ್ತದೆ. 227 ಪೌಂಡ್! 1,000 ಎಕ್ಸೆಸ್ ಒಪ್ಪಿಕೊಂಡು ಉಳಿಸಿದ್ದ 246 ಪೌಂಡನ್ನು ಹೆಚ್ಚುಕಮ್ಮಿ ಪೂರ್ತಿ ಬಡ್ಡಿಗೇ ಕೊಟ್ಟಂತೆ. ದುಡ್ಡು ಎತ್ತಿಟ್ಟಿದ್ದು ಇದಕ್ಕೇ ತಾನೇ ಅಂತ ಅಕ್ಕ ಗದರಿಸಿದ ಮೇಲೆ ಆ ಮಾತು ಅಲ್ಲಿಗೆ ನಿಂತಿತು.

ಎಕ್ಸೆಸ್ ಹಣವನ್ನು ವಾಪಸ್ ಕೊಡುವ ಬೇರೆ ವಿಮೆಯೂ ಮಾರುತ್ತಾರೆ. ಸಾಮಾನ್ಯವಾಗಿ ಮುಖ್ಯ ಕಂಪನಿಯಲ್ಲಿ ಕ್ಲೇಮ್ ಪಾಸಾದ ಮೇಲೆಯೇ ಅದರಿಂದ ದುಡ್ಡು ಬರುವುದು. ನಷ್ಟ ಎಕ್ಸೆಸ್‌ಗಿಂತ ಕಡಿಮೆ ಇದ್ದರೆ ಅದು ಕೆಲಸಕ್ಕೆ ಬರಲ್ಲ. ಕ್ಲೇಮ್ ದಾಖಲಾಗುವುದು ತಪ್ಪುವುದೂ ಇಲ್ಲ. ಬಿಟ್ಟೆವು.

ತೀರ್ಮಾನ

ಕೊನೆಗೆ ಲೆಕ್ಕ ಹೀಗೆ ಬಂತು. ಅಕ್ಕ, ಭಾವ ಕೊಡುವ 1,750ರಲ್ಲಿ ಪ್ರೀಮಿಯಂ ಹೋಗಿ ಮಿಕ್ಕಿದ್ದನ್ನು ಅವಳ 640ಕ್ಕೆ ಸೇರಿಸಬೇಕು. ಅದು ಒಟ್ಟು ಎಕ್ಸೆಸ್‌ಗೆ ಸಾಕಾಗುತ್ತದಾ ಅಂತ ನೋಡಬೇಕು. 1,000 ಇಟ್ಟರೆ ಕೈಯಲ್ಲಿ 894, ಬೇಕಾದದ್ದು 1,550. ಕೊರತೆ 656. 500 ಇಟ್ಟರೆ ಕೈಯಲ್ಲಿ 852, ಬೇಕಾದದ್ದು 1,050. ಕೊರತೆ 198. 250 ಇಟ್ಟರೆ ಕೈಯಲ್ಲಿ 779, ಬೇಕಾದದ್ದು 800. ಕೊರತೆ 21 ಪೌಂಡ್. ಒಂದು ಶನಿವಾರದ ಕೆಲಸದ ದುಡ್ಡಿನಲ್ಲಿ ತುಂಬಿಹೋಗುತ್ತದೆ.

ನಿಜ ಹೇಳಬೇಕೆಂದರೆ, ಬರೀ ಭಾಗಾಕಾರ ನೋಡಿದರೆ 500 ಕೂಡ ತಪ್ಪಲ್ಲ. ಮೂರೂವರೆ ವರ್ಷಕ್ಕೊಂದು ಕ್ಲೇಮ್ ಅನ್ನೋದು ಹುಷಾರಾದ ಹುಡುಗಿಗೆ ಒಪ್ಪಬಹುದಾದ ಪಂದ್ಯ. ಭಾವ "ಕಮ್ಮಿ ಬಿದ್ದರೆ ನಾವಿದ್ದೇವಲ್ಲ" ಅಂದರು. ಅವರೇ ತುಂಬಿಕೊಡುವುದಾದರೆ 500 ಸರಿ ಅಂತ ನಾನೂ ಹೇಳಿದೆ. ಆದರೆ ಅವಳು ಒಪ್ಪಲಿಲ್ಲ. "ಕಾರು ನಂದು, ಎಕ್ಸೆಸ್ ನಾನೇ ಕೊಡ್ತೀನಿ" ಅಂದಳು. ಕಾರಿಲ್ಲದಿದ್ದರೆ ಶನಿವಾರ ಭಾನುವಾರದ ಕೆಲಸಕ್ಕೆ ಹೋಗೋದು ಕಷ್ಟ, ಕೆಲಸ ಇಲ್ಲದಿದ್ದರೆ ರಿಪೇರಿ ದುಡ್ಡು ಇಲ್ಲ. ಗ್ಯಾರೇಜಿನಲ್ಲಿ ಕಾರು ನಿಂತು, ಬಿಡಿಸಿಕೊಳ್ಳೋಕೆ 198 ಪೌಂಡ್ ಕಮ್ಮಿ ಇದೆ ಅನ್ನೋ ಸ್ಥಿತಿ ಅವಳಿಗೆ ಬೇಕಾಗಿರಲಿಲ್ಲ. ಅವಳ ಮಾತೇ ನನಗೂ ಸರಿ ಕಂಡಿತು.

250 ಹಾಕಿ, 1,611 ಪೌಂಡ್ ಒಂದೇ ಸಲ ಕಟ್ಟಿದರು. ಅದರಲ್ಲಿ 172 ಪೌಂಡಿಗೂ ಸ್ವಲ್ಪ ಜಾಸ್ತಿ ಬರೀ ತೆರಿಗೆ, ಶೇ 12ರ ಇನ್ಶೂರೆನ್ಸ್ ಪ್ರೀಮಿಯಂ ಟ್ಯಾಕ್ಸ್. ಆವತ್ತು ರಾತ್ರಿಯೇ ಅವಳು ಬ್ಯಾಂಕ್ ಆ್ಯಪಿನಲ್ಲಿ ಇನ್ನೊಂದು ಖಾತೆ ತೆರೆದು ಅದಕ್ಕೆ "ಕಾರು, ಮುಟ್ಟಬೇಡ" ಅಂತ ಹೆಸರಿಟ್ಟಳು. 779 ಅಲ್ಲಿಗೆ ಹೋಯಿತು. ಮುಂದಿನ ವಾರ 21 ಸೇರಿ 800 ಆಯಿತು.

ಏಳನೇ ತಿಂಗಳು, ಕಾರ್ ಪಾರ್ಕಿನ ಕಂಬ

ಮಳೆ ಬರುತ್ತಿದ್ದ ಸಂಜೆ. ಬಹುಮಹಡಿ ಕಾರ್ ಪಾರ್ಕಿನ ಮೂರನೇ ಮಹಡಿಯಲ್ಲಿ ಹಿಮ್ಮುಖವಾಗಿ ಕಾರು ಸೇರಿಸುವಾಗ ಎಡಗಡೆಯ ಕಾಂಕ್ರೀಟ್ ಕಂಬಕ್ಕೆ ಹಿಂದಿನ ಬಂಪರ್ ಉಜ್ಜಿತು. ಗಾಬರಿಯಲ್ಲಿ ಬ್ರೇಕ್ ಬದಲು ಇನ್ನೂ ಸ್ವಲ್ಪ ಹಿಂದಕ್ಕೇ ಬಿಟ್ಟಳಂತೆ. ಬಂಪರ್ ಸೀಳಿತು, ಹಿಂದಿನ ದೀಪ ಒಡೆಯಿತು. ಕೆಂಪು ಪ್ಲಾಸ್ಟಿಕ್ ಚೂರುಗಳನ್ನು ಒಂದೊಂದಾಗಿ ಆರಿಸಿ ಊಟದ ಡಬ್ಬಿಯೊಳಗೆ ಹಾಕಿಕೊಂಡು ಮನೆಗೆ ಬಂದಿದ್ದಳು, ಅಂಟಿಸಬಹುದೇನೋ ಅಂತ. ಡಬ್ಬಿ ತೆಗೆದು ನನಗೆ ತೋರಿಸುವಾಗ ಕಣ್ಣಲ್ಲಿ ನೀರಿತ್ತು.

ಮೊದಲ ಗ್ಯಾರೇಜ್ ಹೊಸ ಬಂಪರ್, ಬಣ್ಣ, ದೀಪ ಸೇರಿ 690 ಪೌಂಡ್ ಹೇಳಿತು. 800ಕ್ಕಿಂತ ಕಡಿಮೆ, ಕ್ಲೇಮಿನ ಮಾತೇ ಇಲ್ಲ. ವಾಲಂಟರಿ ಸೊನ್ನೆ ಇಟ್ಟಿದ್ದರೆ ಕಂಪನಿಯಿಂದ 140 ಬರುತ್ತಿತ್ತು. ಆ 140ಕ್ಕೋಸ್ಕರ ನೋ ಕ್ಲೇಮ್ ವರ್ಷ ಕಳೆದುಕೊಳ್ಳುತ್ತಿದ್ದೆಯಾ ಅಂತ ಕೇಳಿದೆ. ಇಲ್ಲ ಅಂದಳು. 1,000 ಇಟ್ಟಿದ್ದರೂ ಈ ಸಲ ಇದೇ ಆಗುತ್ತಿತ್ತು, ಜೊತೆಗೆ ಪ್ರೀಮಿಯಂನಲ್ಲಿ 115 ಪೌಂಡ್ ಉಳಿಯುತ್ತಿತ್ತು. ಇದನ್ನೂ ಅವಳಿಗೆ ಮುಚ್ಚಿಡದೆ ಹೇಳಿದೆ. ಕಂಬದ ಬದಲು ಅಲ್ಲಿ ಇನ್ನೊಂದು ಕಾರು ಇದ್ದು, ವೇಗ ಜಾಸ್ತಿ ಇದ್ದಿದ್ದರೆ ಲೆಕ್ಕ ಪೂರ್ತಿ ಬೇರೆ ಇರುತ್ತಿತ್ತು.

ಗುಜರಿ ಯಾರ್ಡಿನಲ್ಲಿ ಅದೇ ಬಣ್ಣದ, ಅದೇ ಮಾದರಿಯ ಹಳೇ ಬಂಪರ್ ಸಿಕ್ಕಿತು. ದೀಪವೂ ಅಲ್ಲೇ ಸಿಕ್ಕಿತು. ಕೂರಿಸುವ ಕೂಲಿ ಎಲ್ಲ ಸೇರಿ 430 ಪೌಂಡ್. ಖಾತೆಯಲ್ಲಿ 370 ಉಳಿಯಿತು. ಯಾರನ್ನೂ ಕೇಳಬೇಕಾಗಲಿಲ್ಲ.

ಕ್ಲೇಮ್ ಮಾಡದಿದ್ದರೂ ಕಂಪನಿಗೆ ಫೋನ್ ಮಾಡಿ ತಿಳಿಸು ಅಂದೆ. ಯಾವ ಘಟನೆ ಆದರೂ ತಿಳಿಸಬೇಕು ಅಂತ ಅವಳ ಪಾಲಿಸಿಯಲ್ಲೇ ಬರೆದಿತ್ತು. ಹೆಚ್ಚಿನ ಪಾಲಿಸಿಗಳಲ್ಲೂ ಇರುತ್ತದೆ. "ಕ್ಲೇಮೇ ಮಾಡ್ತಿಲ್ಲ, ಯಾಕೆ ಹೇಳಬೇಕು? ಪ್ರೀಮಿಯಂ ಏರಿಸಿದರೆ?" ಅಂತ ಅವಳಿಗೆ ಭಯ. ಏರಿಸಬಹುದು, ಅದು ನಿಜ. ಆದರೆ ಮುಚ್ಚಿಟ್ಟು, ನಾಳೆ ದೊಡ್ಡ ಕ್ಲೇಮಿನ ಹೊತ್ತಿಗೆ ಅದು ಹೊರಬಂದರೆ ಕಳೆದುಕೊಳ್ಳುವುದು ತುಂಬಾ ಜಾಸ್ತಿ. ಫೋನಿನಲ್ಲಿದ್ದ ಹೆಂಗಸು ಮಾಹಿತಿಗಾಗಿ ಮಾತ್ರ ಅಂತ ದಾಖಲಿಸಿಕೊಂಡರು. ಐದು ನಿಮಿಷದ ಕೆಲಸ.

ಎರಡನೇ ವರ್ಷದ ಹಾಳೆ

ನವೀಕರಣಕ್ಕೆ ಮೂರು ವಾರ ಮುಂಚೆ ಅವಳೇ ನನ್ನನ್ನು ಕರೆದಳು. ಈ ಸಲ ನಾನು ಸುಮ್ನೆ ಚಹಾ ಹಿಡಿದುಕೊಂಡು ನೋಡುತ್ತಾ ಕೂತಿದ್ದೆ. ಅವಳಿಗೆ 20 ಆಗಿತ್ತು, ಲೈಸೆನ್ಸ್ ಬಂದು ವರ್ಷ ದಾಟಿತ್ತು, ಕ್ಲೇಮ್ ಇಲ್ಲದ ಒಂದು ವರ್ಷ ಕೈಯಲ್ಲಿತ್ತು. ಕಳೆದ 5 ವರ್ಷದಲ್ಲಿ ಯಾವುದಾದರೂ ಘಟನೆ ಆಗಿದೆಯಾ, ಕ್ಲೇಮ್ ಮಾಡಿರಲಿ ಬಿಡಲಿ, ಅನ್ನುವ ಪ್ರಶ್ನೆಗೆ ಕಂಬದ ವಿಷಯ ಬರೆದಳು. ತಾರೀಕು, ಖರ್ಚು, ಎಲ್ಲ.

2022ರ ಜನವರಿ 1ರಿಂದ ಇಲ್ಲಿ ಹಳೇ ಗ್ರಾಹಕರಿಗೆ, ಅದೇ ಪಾಲಿಸಿಯನ್ನು ಹೊಸದಾಗಿ ಕೊಳ್ಳುವವರಿಗಿಂತ ಜಾಸ್ತಿ ಬೆಲೆ ಹಾಕುವಂತಿಲ್ಲ ಅಂತ ಹಣಕಾಸು ಕಂಪನಿಗಳ ಮೇಲೆ ಕಣ್ಣಿಡುವ ಫೈನಾನ್ಶಿಯಲ್ ಕಂಡಕ್ಟ್ ಅಥಾರಿಟಿಯ ನಿಯಮ ಇದೆ. ಆದರೂ ಬೇರೆ ಕಂಪನಿಗಳನ್ನು ನೋಡದೆ ಬಿಡಬೇಡ ಅಂದಿದ್ದೆ, ನೋಡಿದಳು. ಪ್ರತಿಯೊಂದರ ಮುಂದೆ ಒಟ್ಟು ಎಕ್ಸೆಸ್ ಬರೆದಳು. ಕೊನೆಗೆ ಹಳೇ ಕಂಪನಿಯೇ ಮೇಲು ಅನ್ನಿಸಿತು. ಚಿಕ್ಕ ವಯಸ್ಸಿನ ಪದರ 300ರಿಂದ 150ಕ್ಕೆ ಇಳಿದಿತ್ತು. ವಾಲಂಟರಿ 250 ಇಟ್ಟರೆ 1,214 ಪೌಂಡ್, ಒಟ್ಟು ಎಕ್ಸೆಸ್ 650. ವಾಲಂಟರಿ 500 ಇಟ್ಟರೆ 1,180.

"34 ಪೌಂಡಿಗೆ 250," ಅಂತ ತನ್ನಷ್ಟಕ್ಕೆ ಹೇಳಿಕೊಂಡು ಫೋನಿನಲ್ಲಿ ಭಾಗಿಸಿದಳು. "ಏಳು ವರ್ಷ ಚಿಲ್ಲರೆ. ಬೇಡ ಚಿಕ್ಕಮ್ಮ, ಅಲ್ವಾ?"

ನಾನು ತಲೆಯಾಡಿಸಿದೆ. ರಿಪೇರಿ ಆದ ಮೇಲೆ ತಿಂಗಳಿಗೆ 50ರಂತೆ ಐದು ತಿಂಗಳು ಹಾಕಿದ್ದಳು, ಆ ಖಾತೆಯಲ್ಲಿ 620 ಇತ್ತು. ಪ್ರೀಮಿಯಂ ಕಟ್ಟುವ ಗುಂಡಿ ಒತ್ತುವ ಮೊದಲು ಅಲ್ಲಿಗೆ ಇನ್ನೊಂದು 30 ಪೌಂಡ್ ಕಳಿಸಿದಳು.